ನೇರ ಕೇಳುವುದನ್ನು ಕಲಿತ ಮಳೆಗಾಲ

ಕಳೆದ ವಾರ ಒಂದು ಸಹಿಗಾಗಿ ಗೋಕಾಕದ ನಮ್ಮ ಹಳೆಯ ಕಾಲೇಜಿಗೆ ಹೋಗಬೇಕಾಯಿತು. ನಾನು ವರ್ಗವಾಗಿ ಹುಕ್ಕೇರಿಯ ಕಾಲೇಜಿಗೆ ಬಂದು ಕೆಲವು ವರ್ಷಗಳಾದವು. ಪ್ರಿನ್ಸಿಪಾಲರು ಯಾರೊಂದಿಗೋ ಮಾತಿನಲ್ಲಿದ್ದರು. ಆಫೀಸಿನಲ್ಲಿ ಕೂರಲು ಜಾಗವಿರಲಿಲ್ಲವಾದ್ದರಿಂದ ಹೊಸ ಸಿಪಾಯಿ ನನ್ನನ್ನು ಆಟದ ಸಾಮಾನಿನ ಕೋಣೆಗೆ ಕರೆದೊಯ್ದು ಕುರ್ಚಿ ಹಾಕಿಕೊಟ್ಟ. ಬಾಗಿಲು ತೆಗೆದ ಕೂಡಲೇ ಆ ವಾಸನೆ ಮೂಗಿಗೆ ಬಂತು. ಒದ್ದೆಯಾಗಿ ಅರ್ಧ ಒಣಗಿದ ನಾರಿನ ಚಾಪೆ, ಹಳೆಯ ಚೆಂಡುಗಳ ರಬ್ಬರು, ಮೈದಾನದಲ್ಲಿ ಗೆರೆ ಹಾಕುವ ಸುಣ್ಣದ ಪುಡಿ. ಕೂತಲ್ಲೇ ನನ್ನ ಎದೆ ಹೊಡೆದುಕೊಳ್ಳತೊಡಗಿತು. ‘ಮ್ಯಾಡಮ್ರ, ಆರಾಮ ಅದೀರೇನ್ರಿ?’ ಎಂದು ಆ ಸಿಪಾಯಿ ಕೇಳಿದ. ಆರಾಮಿದ್ದೇನಪ್ಪ ಎಂದೆ. ಏನೆಂದು ಹೇಳಲಿ? ಆ ಮಳೆಗಾಲದಲ್ಲಿ ನಮಗೆ ಪಾಠ ಆಗಿದ್ದು ಇದೇ ಕೋಣೆಯಲ್ಲಿ.

ಆಗ ನಾನು ಅಲ್ಲಿ ಆಫೀಸಿನ ಕ್ಲರ್ಕ್. ಪ್ರವೇಶ, ಸ್ಕಾಲರ್‌ಶಿಪ್, ಬಸ್ ಪಾಸು, ಪರೀಕ್ಷೆ ಫೀ, ಯಾವುದಕ್ಕೇ ಆದರೂ ಹುಡುಗರು ನನ್ನ ಕಿಟಕಿಗೇ ಬರಬೇಕು. ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಖಾರ. ‘ಸುನಂದಾ ಮ್ಯಾಡಂ ಕಿಡಕಿಗೆ ಹೋಗೂ ಮುಂಚೆ ನೀರ ಕುಡದ ಹೋಗ್ರಿ’ ಎಂದು ಹುಡುಗರು ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತಿದ್ದರಂತೆ. ಕೇಳಿ ನನಗೆ ನಗು ಬಂದಿತ್ತೇ ಹೊರತು ಬೇಸರವಾಗಿರಲಿಲ್ಲ. ಕಿಟಕಿಯಲ್ಲಿ ಕೂತವರು ಮೆತ್ತಗಿದ್ದರೆ ಹಿಂದಿನ ಸಾಲು ಸಂಜೆಯಾದರೂ ಕರಗುವುದಿಲ್ಲ.

ಅದರ ಹಿಂದಿನ ವರ್ಷ ನಮ್ಮ ಕಾಲೇಜಿನ ಒಬ್ಬ ಹುಡುಗ ತೀರಿಕೊಂಡಿದ್ದ. ಕಲ್ಲೋಳಿಯವನು, ಬಿಎಸ್‌ಸಿ ಓದುತ್ತಿದ್ದ, ಹೆಸರು ಪ್ರವೀಣ. ತಾನೇ ಜೀವ ಕಳೆದುಕೊಂಡ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನೋಟೀಸ್ ಬೋರ್ಡಿನಲ್ಲಿ ‘ಅಕಾಲಿಕ ನಿಧನ’ ಎಂದು ಬರೆದು ಒಂದು ದಿನ ರಜೆ ಕೊಟ್ಟರು. ಕಾಲೇಜಿನ ಪರವಾಗಿ ಅವನ ಮನೆಗೆ ಹೋಗಿಬಂದವರು ಇಬ್ಬರು, ನಾನು ಮತ್ತು ಲೈಬ್ರರಿಯ ಬಸಲಿಂಗಪ್ಪ ಕಾಕಾ. ಅವನ ತಾಯಿ ಶಾಂತವ್ವ ನಮ್ಮ ಎದುರು ಗೋಡೆಗೆ ಒರಗಿ ಕೂತಿದ್ದಳು. ನಾವು ಚಹಾ ಕುಡಿದೆವು, ಮಳೆಬೆಳೆ ವಿಚಾರಿಸಿದೆವು, ಎದ್ದು ಬಂದೆವು. ಆಮೇಲೆ ಕಾಲೇಜಿನಲ್ಲಿ ಅವನ ಹೆಸರನ್ನೇ ಯಾರೂ ಎತ್ತಲಿಲ್ಲ. ಎತ್ತದಿದ್ದರೆ ಒಳ್ಳೆಯದು ಎಂದೇ ನಾವೆಲ್ಲ ತಿಳಿದಿದ್ದೆವು. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಮ್ಮ ಕಾಲೇಜಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು ಬೇರೆ.

ಬಸಲಿಂಗಪ್ಪ ಕಾಕಾ ಮೇಲವಂಕಿಯವರು. ಲೈಬ್ರರಿಯಲ್ಲಿ ಪುಸ್ತಕ ತೆಗೆದುಕೊಡುವ ಕೆಲಸ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಸದಾ ಒಂದು ‘ಯವ್ವಾ’ ಇಲ್ಲವೇ ‘ಯಪ್ಪಾ’. ಪ್ರಿನ್ಸಿಪಾಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಹುಡುಗರಿಗೆ ನಾನು ಖಾರವಾದರೆ ಕಾಕಾ ಬೆಲ್ಲ.

ಆ ವರ್ಷ ಮಳೆ ಹಿಡಿದು ನದಿ ಏರುತ್ತಿದ್ದ ದಿನಗಳಲ್ಲೇ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯುವುದು ಹೇಗೆ ಎಂದು ಬೋಧಕೇತರ ನೌಕರರಿಗೂ ತರಬೇತಿ ಕೊಡಬೇಕು, ಹುಡುಗರನ್ನು ದಿನವೂ ನೋಡುವವರು ಅವರೇ ಎಂದು ಅದರಲ್ಲಿತ್ತು. ಓದಿ ನನಗೆ ಮೈಯೆಲ್ಲ ಉರಿಯಿತು. ‘ಪಗಾರ ಕ್ಲರ್ಕಿಂದು, ಕೆಲಸ ಡಾಕ್ಟರಂದು. ನಾಳೆ ಆಪರೇಷನ್ನೂ ಮಾಡು ಅಂತಾರ ನೋಡ್ರಿ’ ಎಂದು ಕಾಕಾನ ಮುಂದೆ ಹೇಳಿ ನಗಿಸಿದೆ. ಸಭಾಂಗಣದ ಮಾಡು ಸೋರುತ್ತಿತ್ತು, ಹೀಗಾಗಿ ತರಬೇತಿ ಆಟದ ಸಾಮಾನಿನ ಕೋಣೆಯಲ್ಲಿ.

ಕಲಿಸಲು ಧಾರವಾಡದಿಂದ ಬಂದವರು ಡಾಕ್ಟರ್ ರಜಿಯಾ. ಮಾನಸಿಕ ಆರೋಗ್ಯದ ವೈದ್ಯೆ, ವಯಸ್ಸು ನನಗಿಂತ ಬಹಳ ಕಡಿಮೆ. ಇಂಗ್ಲಿಷಿನಲ್ಲಿ ಕೊರೆಯುತ್ತಾರೆ ಎಂದುಕೊಂಡಿದ್ದೆ. ಆಕೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನಮ್ಮದೇ ಮಾತಿನಲ್ಲಿ ಶುರು ಮಾಡಿದರು.

‘ಒಬ್ಬ ಹುಡುಗ ಸೊರಗ್ಯಾನ, ಮಾತ ಕಡಿಮಿ ಮಾಡ್ಯಾನ, ತನ್ನ ಸಾಮಾನ ಯಾರ್ಯಾರಿಗೋ ಕೊಟ್ಟಬಿಡಾಕತ್ತಾನ. ನಿಮ್ಮ ಕಣ್ಣಿಗೆ ಬಿತ್ತು. ಏನ ಮಾಡ್ತೀರಿ?’

‘ಊಟಾ ಮಾಡಪಾ ಅಂತೀವ್ರಿ,’ ಎಂದರು ಹಾಸ್ಟೆಲಿನ ಅಡುಗೆಯವರು.

‘ಆಮ್ಯಾಲೆ?’

‘ಮನಿದೇವ್ರಿಗೆ ಹೋಗಿ ಬಾ ಅಂತೀವಿ.’

‘ಎರಡೂ ಛಲೋನ. ಆದ್ರ ನಡುವ ಒಂದ ಮಾತ ಕೇಳೂದ ಐತಿ. ನಿನಗ ಸಾಯಬೇಕ ಅನಸಾಕತ್ತೈತೇನು ಅಂತ. ನೇರ ಕೇಳ್ಬೇಕು.’

ಹಿಂದಿನಿಂದ ಕಾಕಾನ ದನಿ ಬಂತು. ‘ಬಿಡ್ತು ಅನ್ರಿ ಡಾಕ್ಟರ್ರ.’

ನಮ್ಮಲ್ಲಿ ಅದು ಉಸಿರಾಟದಷ್ಟೇ ಸಹಜ. ಮನೆಯಲ್ಲಿ ಯಾರಾದರೂ ಸಾವಿನ ಮಾತೆತ್ತಿದರೆ ಹಿರಿಯರು ‘ಬಿಡ್ತು ಅನ್ನು’ ಅನ್ನುತ್ತಾರೆ. ಆಡಿದವರು ‘ಬಿಡ್ತು’ ಅಂದರೆ ಆ ಕೆಟ್ಟ ಮಾತು ಅಲ್ಲಿಗೆ ತೊಲಗಿತು. ಅನ್ನದಿದ್ದರೆ ಎಲ್ಲರಿಗೂ ಕಸಿವಿಸಿ. ಎಷ್ಟೋ ಸಲ ನಮ್ಮವ್ವ ನನ್ನ ಬಾಯಿ ಮೇಲೆ ಕೈಯಿಟ್ಟೇ ಅನ್ನಿಸಿದ್ದಾಳೆ.

ಡಾಕ್ಟರ್ ನಕ್ಕರು. ‘ನಮ್ಮ ಮನ್ಯಾಗ ತೋಬಾ ಅನ್ನು ಅಂತಾರ್ರಿ ಕಾಕಾ. ನಮ್ಮಜ್ಜಿ ಓಣ್ಯಾಗ ಎಲ್ಲಾರ ಕೂಡ ಬೆಳದಾಕಿ, ಎರಡೂ ಅನಸ್ತಿದ್ಲು. ಮೊದಲ ತೋಬಾ, ಆಮ್ಯಾಲೆ ಬಿಡ್ತು.’ ನಾವೂ ನಕ್ಕೆವು. ಆಕೆ ನಗು ನಿಲ್ಲಿಸಿ ಹೇಳಿದರು, ‘ಬಿಡ್ತು ಅನಸಿದ್ರ ಅನಸಿದಾವ್ರಿಗೆ ಸಮಾಧಾನ ಆಕ್ಕೈತ್ರಿ. ಅಂದಾವ್ರಿಗೆ ಆಗೂದಿಲ್ಲ. ಅವರು ಮತ್ತ ಯಾರ ಮುಂದೂ ಆ ಮಾತ ತೆಗಿಯೂದಿಲ್ಲ.’

ನಾನು ಸುಮ್ಮನಿರುವವಳೇ? ‘ಮ್ಯಾಡಮ್ರ, ಮನಸಿನ್ಯಾಗ ಇರಲಾರದವಗ ನಾವ ಹೋಗಿ ನೆನಪ ಮಾಡಿಕೊಟ್ಟಂಗ ಆಗೂದಿಲ್ಲೇನ್ರಿ?’ ಎಂದೆ.

‘ಇಲ್ರಿ. ಇರಲಾರದವ ಇಲ್ರಿ ಅಂತ ನಕ್ಕ ಹೋಗ್ತಾನ. ಇದ್ದವಗ, ಕಡೀಕೂ ಯಾರೋ ಒಬ್ಬರು ಕೇಳಿದ್ರಲ್ಲ ಅನಸ್ತೈತಿ. ಕೇಳಿದ ಮ್ಯಾಲೆ ಉಪದೇಶ ಮಾಡಬ್ಯಾಡ್ರಿ, ಬೈಬ್ಯಾಡ್ರಿ. ಅವರನ್ನ ಒಬ್ಬರನ್ನ ಬಿಟ್ಟ ಹೋಗಬ್ಯಾಡ್ರಿ. ನನಗ ಫೋನ್ ಮಾಡ್ರಿ.’

ನನಗೆ ಅರ್ಧ ಮಾತ್ರ ನಂಬಿಕೆ ಬಂತು. ಆಮೇಲೆ ಜೋಡಿಜೋಡಿಯಾಗಿ ಅಭ್ಯಾಸ ಮಾಡಿಸಿದರು. ಕಾಕಾ ನನ್ನ ಪಾಲಿಗೆ ಬಂದರು. ನಾನು ವಿದ್ಯಾರ್ಥಿ, ಅವರು ಕೇಳಬೇಕು. ‘ಯವ್ವಾ, ನಿನಗ...’ ಎಂದರು. ನೀರು ಕುಡಿದರು. ‘ನಿನಗ ಹಂಗ ಏನರ...’ ಎಂದರು. ‘ಹಂಗ ಅಂದ್ರ ಹೆಂಗ್ರಿ ಕಾಕಾ?’ ಎಂದು ನಾನು ಬೇಕೆಂದೇ ಕಾಡಿದೆ. ಅವರ ಕಣ್ಣಲ್ಲಿ ನೀರು ಬಂತು. ‘ನಾಲಗಿ ಏಳವಲ್ದರಿ ಮ್ಯಾಡಮ್ರ. ಮಕ್ಕಳಿಗೆ ಇಂಥಾದ್ದ ಹೆಂಗ ಕೇಳ್ಲಿ?’ ಎಂದರು. ನನ್ನ ಸರದಿ ಬಂದಾಗ ನಾನೂ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಏನೋ ಕೇಳಿ ಮುಗಿಸಿದೆ. ಡಾಕ್ಟರ್ ಒತ್ತಾಯ ಮಾಡಲಿಲ್ಲ. ತಮ್ಮ ನಂಬರು ಕೊಟ್ಟು ಹೋದರು. ಕಾಲೇಜು ಮತ್ತೆ ತನ್ನ ಕೆಲಸಕ್ಕೆ ಹತ್ತಿತು.

ಪರೀಕ್ಷೆಗಳು ಆ ವರ್ಷ ಶ್ರಾವಣಕ್ಕೆ ಬಂದಿದ್ದವು. ಮಳೆ ಬಿಡುವೇ ಕೊಡಲಿಲ್ಲ. ನದಿ ದಂಡೆ ದಾಟಿ ಹೊಲಗಳಿಗೆ ನುಗ್ಗಿತ್ತು, ಕಬ್ಬು ಸೊಂಟದ ತನಕ ನೀರಲ್ಲಿ ನಿಂತಿತ್ತು. ಇವತ್ತು ಲೋಳಸೂರ ಸೇತುವೆ ಮುಚ್ಚುತ್ತಾರೆ, ನಾಳೆ ಮುಚ್ಚುತ್ತಾರೆ ಎಂಬುದೇ ಎಲ್ಲರ ಬಾಯಲ್ಲಿ. ಆ ಸೇತುವೆ ಮುಚ್ಚಿತೆಂದರೆ ಗೋಕಾಕದಿಂದ ಕಲ್ಲೋಳಿ, ಮೂಡಲಗಿ ಕಡೆಗೆ ಹೋಗುವ ನೆಟ್ಟಗಿನ ದಾರಿ ಬಂದ್. ಹಾಲ್ ಟಿಕೆಟ್ ಕೊಡುವ ಗದ್ದಲದಲ್ಲಿ ನಾನು ತರಬೇತಿಯನ್ನು ಮರೆತೇಬಿಟ್ಟಿದ್ದೆ ಅಂದರೂ ನಡೆದೀತು.

ಅಂಥದೊಂದು ದಿನ ಮಧ್ಯಾಹ್ನದ ಹತ್ತಿರ ಕಾಕಾ ನನ್ನ ಮೇಜಿನ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದರು. ಮುಖದಲ್ಲಿ ಸಂತೋಷವಿತ್ತು.

‘ಎಂಥಾ ಸಂಸ್ಕಾರದ ಹುಡುಗಿರಿ ಆಕಿ,’ ಎಂದರು. ‘ದಡ್ಡಿ ಊರಾಕಿ, ಸವಿತಾ. ಮುಂಜಾನೆ ಲೈಬ್ರರಿ ತಗದ ಕೂಡಲೆ ಬಂದು ಪುಸ್ತಕ ಎಲ್ಲಾ ಕೊಟ್ಟಳು, ಕಾಲ ಬಿದ್ದಳು. ಕಾಕಾರ, ನೀವು ನನ್ನ ಭಾಳ ಛಲೋ ನೋಡಿಕೊಂಡ್ರಿ ಅಂದಳು.’

ಸವಿತಾ ನನಗೆ ಗೊತ್ತಿದ್ದ ಹುಡುಗಿ. ಹುಕ್ಕೇರಿ ತಾಲೂಕಿನ ದಡ್ಡಿಯವಳು, ಬಿಎಸ್‌ಸಿ ಕೊನೆಯ ವರ್ಷ, ಹಾಸ್ಟೆಲಿನಲ್ಲಿ ಇದ್ದಳು. ತಂದೆ ಇರಲಿಲ್ಲ, ತಾಯಿಯೇ ಓದಿಸುತ್ತಿದ್ದಳು. ಕಿಟಕಿಯಲ್ಲಿ ನನಗೆ ಎದುರುತ್ತರ ಕೊಟ್ಟು ನಗಿಸುತ್ತಿದ್ದವಳು ಆ ವರ್ಷ ಯಾಕೋ ಸಪ್ಪಗಾಗಿದ್ದಳು.

‘ಪರೀಕ್ಷಾ ಮುಂದ ಐತಿ. ಎಲ್ಲಾರೂ ಪುಸ್ತಕಕ್ಕ ಬಡದಾಡಾಕತ್ತಾರ, ಈಕಿ ಯಾಕ ಕೊಟ್ಟಳ್ರಿ?’ ಎಂದೆ.

‘ನಾನೂ ಅದನ್ನ ಕೇಳಿದೆ. ಇನ್ನ ಬೇಕಾಗೂದಿಲ್ರಿ, ನಾ ಇದ್ರೇನ ಇಲ್ದಿದ್ರೇನ ಅಂದಳು.’

‘ಅದಕ್ಕ ನೀವೇನಂದ್ರಿ?’

‘ಏನನ್ನೂದು, ಬಿಡ್ತು ಅನ್ನು ಯವ್ವಾ, ಮುಂಜ ಮುಂಜಾನೆ ಅಂಥಾ ಮಾತ ಆಡಬಾರದು ಅಂದೆ. ಪಾಪ, ಬಿಡ್ತ್ರಿ ಕಾಕಾ ಅಂದು ನಕ್ಕೊಂತ...’

ಕಾಕಾನ ಮಾತು ಅಲ್ಲಿಗೇ ನಿಂತಿತು. ಅವರಿಗೂ ಆ ಕ್ಷಣಕ್ಕೇ ಹೊಳೆದಿತ್ತು. ನಾನು ಅವರ ಮುಖ ನೋಡಿದೆ, ಅವರು ನನ್ನದು. ಕಿಟಕಿಯಾಚೆ ಸಾಲಿನಲ್ಲಿದ್ದ ಹುಡುಗ ‘ಮ್ಯಾಡಮ್ರ, ನಂದ ಹಾಲ್ ಟಿಕೆಟ್’ ಎನ್ನುತ್ತಲೇ ಇದ್ದ. ನಾನು ಎದ್ದೆ.

ಹಾಸ್ಟೆಲಿಗೆ ಓಡಿದೆವು. ಸವಿತಾ ಇರಲಿಲ್ಲ. ಆಕೆಯ ಜೊತೆ ಇರುವ ಹುಡುಗಿ ಮಂಚದ ಮೇಲೆ ಓದುತ್ತ ಕೂತಿದ್ದಳು, ಹೆಗಲ ಮೇಲೆ ಸವಿತಾಳ ಹೊಸ ಶಾಲು. ‘ನೀನ ಇಟ್ಕೋ ಅಂತ ಕೊಟ್ಟಳ್ರಿ. ಕಲ್ಲೋಳಿಗೆ ಹೋಗಿ ಹಂಗ ಊರಿಗೆ ಹೊಕ್ಕೇನಿ ಅಂದಳು,’ ಎಂದಳು. ಫೋನ್ ಹಚ್ಚಿದರೆ ಬಂದ್ ಆಗಿತ್ತು. ದಡ್ಡಿ ಇರುವುದು ಪಶ್ಚಿಮಕ್ಕೆ, ಹುಕ್ಕೇರಿ ಮೇಲೆ ಹೋಗಬೇಕು. ಕಲ್ಲೋಳಿ ಉತ್ತರಕ್ಕೆ, ಹೊಳೆಯಾಚೆ. ಊರಿಗೆ ಹೋಗುವವರು ಆ ದಾರಿ ಹಿಡಿಯುವುದಿಲ್ಲ. ಕಲ್ಲೋಳಿಯಲ್ಲಿ ಆಕೆಗೆ ಯಾರಿದ್ದಾರೆ ಎಂದು ಕೇಳಬೇಕೆನ್ನುವಷ್ಟರಲ್ಲಿ ನನಗೇ ನೆನಪಾಯಿತು. ಲ್ಯಾಬಿನಲ್ಲಿ ಜೋಡಿ ಮಾಡುವಾಗ ಸವಿತಾಳ ಜೊತೆಗಾರ ಪ್ರವೀಣನೇ ಆಗಿದ್ದ.

ಡಾಕ್ಟರಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಹೇಳಿದೆ.

‘ನಾ ಈಗ ಹೊಂಟ್ರೂ ಈ ಮಳ್ಯಾಗ ಮುಟ್ಟೂದು ತಡಾ ಆಕ್ಕೈತಿ. ನೀವು ಹೋಗ್ರಿ. ಆಕಿ ಸಿಗೂತನಕ ಹುಡುಕ್ರಿ, ಸಿಕ್ಕ ಮ್ಯಾಲೆ ಕೇಳ್ರಿ,’ ಎಂದರು.

‘ನನ್ನಿಂದ ಕೇಳೂದ ಆಗೂದಿಲ್ರಿ ಮ್ಯಾಡಮ್ರ.’

‘ಕಿಡಕ್ಯಾಗ ಕುಂತು ದಿನಾ ಎಷ್ಟ ಮಂದಿಗೆ ಏನೇನ ಕೇಳ್ತೀರಿ. ಇದನ್ನೂ ಕೇಳ್ರಿ.’

ಪ್ರಿನ್ಸಿಪಾಲರು ಒಳ್ಳೆಯವರು, ಮರುಮಾತಾಡದೆ ದಡ್ಡಿಗೆ ಫೋನ್ ಹಚ್ಚಿ ಸವಿತಾಳ ತಾಯಿಗೆ ಮಗಳಿಗೆ ಆರಾಮಿಲ್ಲ, ಹೊರಟು ಬನ್ನಿ ಎಂದು ತಿಳಿಸಿದರು. ನಾನು ನನ್ನ ಸ್ಕೂಟಿ ತೆಗೆದೆ. ಕಾಕಾ ಹಿಂದೆ ಕೂತರು. ಜೀವನದಲ್ಲಿ ಒಬ್ಬ ಹೆಣ್ಣುಮಗಳ ಗಾಡಿಯ ಹಿಂದೆ ಕೂತವರಲ್ಲ, ಎಲ್ಲಿ ಹಿಡಿದುಕೊಳ್ಳಬೇಕೆಂದು ತಿಳಿಯದೆ ಛತ್ರಿಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಗಾಳಿಗೆ ಅದು ಉಲ್ಟಾ ಆಯಿತು. ಬೇರೆ ದಿನವಾಗಿದ್ದರೆ ನಾನು ಅದನ್ನು ಹೇಳಿಕೊಂಡು ಆರು ತಿಂಗಳು ನಗುತ್ತಿದ್ದೆ.

ಲೋಳಸೂರ ಸೇತುವೆಯ ಈ ತುದಿಯಲ್ಲಿ ಪೊಲೀಸರು ಹಗ್ಗ ಕಟ್ಟುತ್ತಿದ್ದರು. ನೀರು ಸೇತುವೆಯ ಹೊಟ್ಟೆಗೆ ತಾಗಿ ಕೆಂಪಗೆ ಹರಿಯುತ್ತಿತ್ತು. ‘ಇನ್ನ ಬಿಡೂದಿಲ್ರಿ, ಹಿಂದ ಹೋಗ್ರಿ,’ ಎಂದ ಒಬ್ಬ. ನನ್ನ ಖಾರದ ಬಾಯಿಗೆ ಆಗ ಒಂದು ಮಾತೂ ಬರಲಿಲ್ಲ. ಹಿಂದಿನಿಂದ ಕಾಕಾ ಇಳಿದು ಅವನ ಮುಂದೆ ಕೈಮುಗಿದು ನಿಂತರು. ‘ಯಪ್ಪಾ, ನಮ್ಮ ಹುಡುಗಿ ಒಬ್ಬಾಕಿ ಆಚೀಗೆ ಅದಾಳ. ಆಕಿ ಜೀವದ ಪ್ರಶ್ನೆ ಐತಿ,’ ಎಂದರು. ಆ ಪೊಲೀಸು ನಮ್ಮಿಬ್ಬರನ್ನೂ ನೋಡಿ ಹಗ್ಗ ಎತ್ತಿದ. ‘ಲಗೂ ದಾಟ್ರಿ. ವಾಪಸ್ ಬರಾಕ ಆಗೂದಿಲ್ಲ,’ ಎಂದ. ನಾನು ನೀರಿನ ಕಡೆ ನೋಡದೆ, ಮುಂದಿನ ಚಕ್ರವನ್ನೇ ನೋಡುತ್ತ ದಾಟಿದೆ. ಹಿಂದೆ ಕಾಕಾ ಬಸವಾ ಬಸವಾ ಎನ್ನುತ್ತಿದ್ದರು.

ಕಲ್ಲೋಳಿಯಲ್ಲಿ ಆ ಮನೆ ಹುಡುಕಬೇಕಾಗಲಿಲ್ಲ. ಶಾಂತವ್ವ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿದ್ದಳು. ನೆನೆದು ತೊಪ್ಪೆಯಾಗಿ ನಿಂತ ನಮ್ಮನ್ನು ನೋಡಿ ಮೊರ ಕೆಳಗಿಟ್ಟಳು.

‘ದಡ್ಡಿ ಊರಿನ ಹುಡುಗಿ ಸವಿತಾ ಬಂದಿದ್ಲೇನ್ರಿ?’ ಎಂದೆ.

‘ಬಂದಿದ್ಲರಿ. ಪ್ರವೀಣನ ಫೋಟೋದ ಮುಂದ ಸುಮ್ಕ ಕುಂತಿದ್ಲು. ಉಣ್ಣು ಅಂದ್ರ ಒಲ್ಲೆ ಅಂದ್ಲು. ಈಗ ಬಸ್ಸಿಗೆ ಅಂತ ಹೋದ್ಲು.’ ಅಷ್ಟು ಹೇಳಿ ನಮ್ಮ ಮುಖವನ್ನು ಒಂದೊಂದಾಗಿ ನೋಡಿದಳು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಮಗಿಂತ ಮುಂದೆ ನಡೆದಳು. ನನಗೆ ಓಡಬೇಕಾಯಿತು.

ಬಸ್ ನಿಲ್ದಾಣದ ತಗಡಿನ ಕೆಳಗೆ ಸವಿತಾ ಒಬ್ಬಳೇ ಕೂತಿದ್ದಳು. ಯಾವ ಬಸ್ಸೂ ಬರುವಂತಿರಲಿಲ್ಲ, ಅದು ಆಕೆಗೂ ಗೊತ್ತಿರಬೇಕು. ಸಿಕ್ಕಳಲ್ಲ ಎಂದು ಸಮಾಧಾನವಾಯಿತು. ಅದರ ಹಿಂದೆಯೇ ಹೆದರಿಕೆ ಬಂತು, ಈಗ ಕೇಳಬೇಕಲ್ಲ ಎಂದು.

ಆಕೆಯ ಬಾಜೂ ಕೂತೆ. ‘ಊಟಾ ಆತೇನ?’ ಎಂದೆ. ಇಲ್ಲ ಎಂದು ತಲೆ ಅಲ್ಲಾಡಿಸಿದಳು. ‘ಭಾಳ ನೆನದೀಯಲ್ಲ’ ಎಂದೆ. ‘ಹಾಲ್ ಟಿಕೆಟ್ ತಗೊಂಡೇ ಇಲ್ಲ ನೀನು’ ಎಂದೆ. ನನಗೇ ನನ್ನ ಮೇಲೆ ಸಿಟ್ಟು ಬಂತು. ಆ ಹುಡುಗಿಗೆ ಬೇಕಾದದ್ದು ಹಾಲ್ ಟಿಕೆಟ್ಟೇ? ಎದುರಿಗೆ ಕಾಕಾ ನಿಂತಿದ್ದರು. ಅವರಿಂದ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೇಳಿಯೇ ಬಿಟ್ಟೆ.

‘ಸವಿತಾ, ನಿನಗ ಸಾಯಬೇಕ ಅನಸಾಕತ್ತೈತೇನು?’

ಕಾಕಾನ ಕೈ ಎದೆಯ ಮೇಲಿನ ಲಿಂಗವನ್ನು ಹಿಡಿದುಕೊಂಡಿತು. ತಗಡಿನ ಮೇಲೆ ಮಳೆಯ ಸದ್ದು. ಆಕೆ ನನ್ನ ಮೇಲೆ ಸಿಟ್ಟಾಗಬಹುದು, ಅಳಬಹುದು, ಎದ್ದು ಓಡಬಹುದು ಎಂದೆಲ್ಲ ಅಂದುಕೊಂಡಿದ್ದೆ. ಯಾವುದೂ ಆಗಲಿಲ್ಲ. ಆಕೆ ನನ್ನನ್ನು ನೋಡಿದಳು. ಬಿಗಿದುಕೊಂಡಿದ್ದ ಭುಜಗಳು ಇಳಿದವು.

‘ಹೂಂನ್ರಿ ಮ್ಯಾಡಮ್ರ,’ ಎಂದಳು.

ಡಾಕ್ಟರ್ ಹೇಳಿಕೊಟ್ಟಿದ್ದೆಲ್ಲ ತಲೆಯಿಂದ ಹಾರಿಹೋಗಿತ್ತು. ಆಕೆಯ ಕೈ ಹಿಡಿದುಕೊಂಡೆ, ಅಷ್ಟೇ. ಹಿಡಿದ ಕೈ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆಯೇ ಮಾತಾಡತೊಡಗಿದಳು. ನಿದ್ದೆ ಬರುವುದಿಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ, ಅವ್ವನ ಮುಖ ನೋಡಲು ಹೆದರಿಕೆ, ಎಲ್ಲ ಹೇಳಿದಳು. ಆಮೇಲೆ ಶಾಂತವ್ವನ ಕಡೆ ನೋಡಿ ನಿಲ್ಲಿಸಿದಳು.

‘ಹೇಳು,’ ಎಂದಳು ಶಾಂತವ್ವ.

‘ಅಂವ ನನಗ ಅಂದಿದ್ದರಿ. ಲ್ಯಾಬ್‌ನ್ಯಾಗ. ನನಗ ಇರೂದ ಸಾಕಾಗೇತಿ ಅಂದ. ನಾ ಬಿಡ್ತು ಅನ್ನಲೇ ಅಂದೆ. ಅಂವ ಬಿಡ್ತು ಅಂದ. ನಾ ಮತ್ತ ಪ್ರಾಕ್ಟಿಕಲ್ ಮಾಡಿದೆ.’ ಆಕೆಯ ದನಿ ಒಡೆಯಿತು. ‘ನಾ ಒಂದ ಮಾತ ಕೇಳಿದ್ರ ಇರ್ತಿದ್ದರಿ ಅಂವ. ನನಗ ಒಬ್ಬಾಕಿಗೆ ಗೊತ್ತಿತ್ತರಿ. ಇಲ್ಲಿ ಬಂದು ನಿಮಗ ಹೇಳಬೇಕಂತ ಬಂದೆ, ಹೇಳಾಕ ಆಗಲಿಲ್ಲ.’

ಒಂದು ವರ್ಷ ಆ ಹುಡುಗಿ ಅದನ್ನು ಹೊತ್ತುಕೊಂಡು ನನ್ನ ಕಿಟಕಿಗೆ ಬಂದು ಹೋಗಿದ್ದಳು. ನಾವ್ಯಾರೂ ಅವನ ಹೆಸರನ್ನೇ ಎತ್ತದಿದ್ದ ಮೇಲೆ ಆಕೆ ಯಾರ ಹತ್ತಿರ ಇಳಿಸಬೇಕಿತ್ತು?

ಶಾಂತವ್ವ ಏನನ್ನುತ್ತಾಳೋ ಎಂದು ನನಗೆ ಹೆದರಿಕೆಯಾಯಿತು. ಮಗನನ್ನು ಕಳೆದುಕೊಂಡ ತಾಯಿ, ಒಂದು ಕಠಿಣ ಮಾತು ಅಂದರೆ ಈ ಹುಡುಗಿ ಉಳಿಯುವುದಿಲ್ಲ. ಆಕೆ ಗೋಣಿಚೀಲ ತೆಗೆದು ಬದಿಗಿಟ್ಟು ಸವಿತಾಳ ಇನ್ನೊಂದು ಬಾಜೂ ಕೂತಳು.

‘ನಿನಗ ಒಬ್ಬಾಕಿಗೆ ಅಂದಿದ್ದ ಅಂತ ತಿಳಕೊಂಡೀಯೇನ ಹುಚ್ಚಿ? ನಾ ಹಡದಾಕಿ. ನನಗೂ ಅಂದಿದ್ದ.’

ಕಾಕಾ ಅಲ್ಲಿಯೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು. ‘ನಾನೂ ನಿನಗ ಇವತ್ತ ಅದನ್ನ ಅಂದ್ನಲ್ಲವ್ವಾ,’ ಎಂದರು. ‘ಕೆಟ್ಟದ್ದಕ್ಕ ಅನ್ನಲಿಲ್ಲ ಯವ್ವಾ. ಹೆದರಿಕಿಗೆ ಅಂದೆ.’ ಸವಿತಾ ಆಗ ಅತ್ತಳು. ಅಷ್ಟು ದಿನದ್ದೆಲ್ಲ ಅತ್ತಳು. ನಾವು ಸುಮ್ಮನಿರು ಎನ್ನಲಿಲ್ಲ.

ಸೇತುವೆ ಮುಚ್ಚಿತ್ತು. ಡಾಕ್ಟರ್ ರಜಿಯಾ ಫೋನಿನಲ್ಲೇ ಮೂಡಲಗಿಯ ಸರಕಾರಿ ಆಸ್ಪತ್ರೆಗೆ ಮಾತಾಡಿದರು, ಸವಿತಾಳ ಜೊತೆಗೂ ಮಾತಾಡಿದರು. ಕಲ್ಲೋಳಿಯವರೊಬ್ಬರು ಜೀಪು ಕೊಟ್ಟರು. ಶಾಂತವ್ವನೂ ಹತ್ತಿದಳು. ಮನೆಗೆ ಬೀಗ ಹಾಕಿಲ್ಲ ಎಂದು ನಾನು ನೆನಪಿಸಿದರೆ, ‘ಏನ ಒಯ್ಯತಾರ ಒಯ್ಯಲಿ’ ಎಂದಳು. ಆಸ್ಪತ್ರೆಯಲ್ಲಿ ನಾವು ಸರದಿಯ ಮೇಲೆ ಆಕೆಯ ಹತ್ತಿರ ಕೂತೆವು. ನನ್ನ ಸರದಿ ಮುಗಿದಾಗಲೂ ನನಗೆ ಎದ್ದು ಹೋಗಲು ಮನಸ್ಸಾಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ಆಕೆಯ ಕಾಲಿನ ತುದಿ ಕಾಣುತ್ತದೋ ಇಲ್ಲವೋ ಎಂದು ಬಾಗಿಲಿನಿಂದ ಬಗ್ಗಿ ನೋಡುತ್ತಿದ್ದೆ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರು ಚಡಪಡಿಸಬಾರದು. ಸವಿತಾ ಆ ಸಲ ಪರೀಕ್ಷೆ ಬರೆಯಲಿಲ್ಲ. ಬಹಳ ತಿಂಗಳು ಡಾಕ್ಟರರ ಹತ್ತಿರ ಹೋಗಿಬಂದಳು, ಮಾತ್ರೆ ತೆಗೆದುಕೊಂಡಳು, ನಡುವೆ ಎರಡು ಸಲ ಮತ್ತೆ ಕುಸಿದಳು. ಆ ಎರಡೂ ಸಲ ತಾನೇ ಫೋನ್ ಮಾಡಿ ಹೇಳಿದಳು. ಮರುವರ್ಷ ಪರೀಕ್ಷೆ ಬರೆದು ಪಾಸಾದಳು. ಈಗ ಸಂಕೇಶ್ವರದ ಕಡೆ ಒಂದು ಶಾಲೆಯಲ್ಲಿ ಕಲಿಸುತ್ತಾಳೆ. ನನಗಿಂತ ಖಾರದ ಟೀಚರ್ ಅಂತೆ. ಕೇಳಿ ಹೊಟ್ಟೆ ತುಂಬಿತು. ಆದರೆ ಮೂಡಲಗಿಯ ಆ ಮರುದಿನದ ಮಧ್ಯಾಹ್ನ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ.

ಆಕೆಯ ತಾಯಿ ದಡ್ಡಿಯಿಂದ ಸುತ್ತುಬಳಸಿ, ಎಷ್ಟೋ ಬಸ್ಸು ಬದಲಿಸಿ ಆಗಷ್ಟೇ ಬಂದು ಮುಟ್ಟಿದ್ದಳು. ಸೀರೆಗೆ ಮೊಣಕಾಲಿನ ತನಕ ಕೆಸರು. ‘ಜ್ವರಾ ಐತೇನ್ರಿ? ಹೊಟ್ಟಿ ಬ್ಯಾನಿ ಏನ್ರಿ?’ ಎಂದು ನನ್ನನ್ನು ಕೇಳುತ್ತಲೇ ಒಳಗೆ ಬಂದಳು. ಮಗಳ ಹಣೆ ಮುಟ್ಟಿ ನೋಡಿದಳು. ಬಿಸಿಯಿರಲಿಲ್ಲ. ‘ಮತ್ತ ಏನಾಗೈತಿ?’ ಎಂದಳು.

ಈ ಮಾತನ್ನು ಈ ತಾಯಿಗೆ ಯಾರು ಹೇಳಬೇಕು? ಕೇಳುವುದಕ್ಕಿಂತ ಇದು ಕಷ್ಟ ಎಂದು ನನಗೆ ಆಗ ಅನ್ನಿಸಿತು. ಇವತ್ತು ತಾಯಿಯ ಮುಂದೆ ಸವಿತಾಳ ಬಾಯಿ ಮುಚ್ಚಿದರೆ ನಿನ್ನೆ ನಾವು ತೆರೆಸಿದ್ದು ವ್ಯರ್ಥ. ನಾನು ಸವಿತಾಳ ಕಡೆ ನೋಡಿದೆ. ನಾನೇ ಹೇಳಲೇ ಎಂದು ಸನ್ನೆ ಮಾಡಿದೆ. ಆಕೆ ಬೇಡವೆಂದು ತಲೆ ಅಲ್ಲಾಡಿಸಿ ಎದ್ದು ಕೂತಳು.

‘ಯವ್ವಾ, ನನಗ ಸಾಯಬೇಕ ಅನಸಾಕತ್ತಿತ್ತು. ಭಾಳ ದಿನಾ ಆತು.’

ಆ ತಾಯಿಯ ಬಲಗೈ ಥಟ್ಟನೆ ಎದ್ದಿತು. ಮಗಳ ಬಾಯಿ ಮುಚ್ಚಲು ಎದ್ದ ಕೈ. ಆ ಕೈಯನ್ನು ಮಂಚದ ಆಚೆ ಬದಿಯಿಂದ ಶಾಂತವ್ವ ಹಿಡಿದುಕೊಂಡಳು.

‘ತಡೀರಿ ಅಕ್ಕಾ. ಆಕಿ ಹೇಳ್ಲಿ,’ ಎಂದಳು. ‘ನನ್ನ ಮಗಗ ನಾ ಹೇಳಾಕ ಬಿಡಲಿಲ್ಲ.’

ಸವಿತಾಳ ತಾಯಿಗೆ ಇವಳು ಯಾರೆಂದೇ ಗೊತ್ತಿರಲಿಲ್ಲ. ಅಪರಿಚಿತ ಹೆಂಗಸಿನ ಮುಖವನ್ನು ನೋಡಿದಳು, ಮಗಳ ಮುಖವನ್ನು ನೋಡಿದಳು. ಶಾಂತವ್ವ ನಿಧಾನವಾಗಿ ಹಿಡಿತ ಸಡಿಲಿಸಿದಳು. ಆ ಕೈ ಮಗಳ ತಲೆಯ ಮೇಲೆ ಇಳಿಯಿತು.

‘ಹೇಳವ್ವಾ,’ ಎಂದಳು ತಾಯಿ. ‘ಎಲ್ಲಾ ಹೇಳು. ನಾ ಇಲ್ಲೇ ಕುಂತೀನಿ.’